ನೂರಾಹದಿನೆಂಟು ಎಲ್ಲಿ ಹೋಯಿತು?

ನಮ್ಮ ಕಾಕಾ ಮಹಡಿ ಹತ್ತುವಾಗ ಒಂದು ಮೆಟ್ಟಿಲು ತಪ್ಪಿದರೆ ಕೆಳಗಿಳಿದು ಮತ್ತೆ ಮೊದಲಿನಿಂದ ಹತ್ತುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಅಷ್ಟೊಂದಿಲ್ಲ. ಸಂಖ್ಯೆಯ ವಿಷಯದಲ್ಲಿ ಮಾತ್ರ ಅದಕ್ಕಿಂತ ಕಡೆ.

ಆ ಭಾನುವಾರ ತಾರ್ನಾಕದ ನಮ್ಮ ಪುಟ್ಟ ಕನ್ನಡ ಗ್ರಂಥಾಲಯದಲ್ಲಿ ಮೂವರೇ ಇದ್ದೆವು. ಪುಸ್ತಕಗಳ ರಿಜಿಸ್ಟರ್ ಬರೆಯುವ ಕಾಕಾ, ಅದನ್ನು ಕಂಪ್ಯೂಟರಿಗೆ ಏರಿಸಲು ಊರಿನ ಇನ್ನೊಂದು ತುದಿಯ ಮಣಿಕೊಂಡದಿಂದ ಬಂದ ಅವರ ಅಣ್ಣನ ಮಗಳಾದ ನಾನು, ಬಾಗಿಲ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಕಸ ಗುಡಿಸುವ ರಾಯಚೂರು ಕಡೆಯ ಶಾಂತವ್ವ. ಮುಂದಿನ ಭಾನುವಾರ ಕಮಿಟಿಯ ತಪಾಸಣೆ. ಹೋದ ವರ್ಷ ಎರಡು ಪುಸ್ತಕ ಸಿಗದಿದ್ದಾಗ ಎಲ್ಲರ ಕಣ್ಣೂ ಹೋದದ್ದು ಆ ಕೀಲಿಯ ಕಡೆಗೇ. ಈ ಸಲ ಒಂದು ಕಡಿಮೆಯಾದರೂ ಶಾಂತವ್ವನ ಕೆಲಸ ಹೋದಂತೆ.

ಕಾಕಾ ಪರದೆಗೆ ಮೂಗು ತಾಗಿಸಿ ನೋಡಿದರು. "ನೂರಾಹದಿನೇಳು ಐತಿ, ನೂರಾಹತ್ತೊಂಬತ್ತು ಐತಿ. ನೂರಾಹದಿನೆಂಟು ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲ ಕಾಕಾ. ಹೊಸ ಪುಸ್ತಕ ಅಂದ ಕೂಡಲೇ ಡೇಟಾಬೇಸ್ ಒಂದು ನಂಬರ್ ಹರಿದು ಕೊಡ್ತೈತಿ, ದವಾಖಾನಿ ಚೀಟಿ ಹಂಗ. ಸೇವ್ ಆಗೂಕಿಂತ ಮೊದಲ ಕರೆಂಟ್ ಹೋತು. ಕೊಟ್ಟ ಚೀಟಿ ಅದು ವಾಪಸ್ ತಗೊಳ್ಳೂದಿಲ್ಲ, ಅದ ಪುಸ್ತಕಕ್ಕ ಆಮ್ಯಾಲ ನೂರಾಹತ್ತೊಂಬತ್ತು ಕೊಡ್ತು."

"ಅಂದ್ರ ನಂಬರ್ ಐತಿ, ಪುಸ್ತಕ ಇಲ್ಲ. ಕಮಿಟಿಯವ್ರು ಅದಕ್ಕ ಕಳವು ಅಂತಾರ, ತಂಗಿ."

"ಹಂಗಾರ ಮುಂದಿನ ಪುಸ್ತಕಕ್ಕ ಆ ನಂಬರ್ ಕೊಡ್ತೀನಿ."

"ನಾಳಿನ ಪುಸ್ತಕಕ್ಕ ನಿನ್ನಿನ ನಂಬರ್ ಕೊಟ್ಟು ಸುಳ್ಳು ರಿಜಿಸ್ಟರ್ ಬರೀಲೇನು?"

ಇಂಥವರಿಗೆ ಏನು ಹೇಳುವುದು? ವಾರವಿಡೀ ರಜೆ ಹಾಕಿ ಪ್ರೋಗ್ರಾಂ ತಿದ್ದಿದೆ. ಒಂದು ಪುಸ್ತಕ ಪೂರ್ತಿ ಸೇವ್ ಆಗುವ ತನಕ ಇನ್ನೊಂದಕ್ಕೆ ನಂಬರೇ ಇಲ್ಲ. ಇನ್ನು ಮುಂದೆ ಸಂಖ್ಯೆ ತಪ್ಪುವುದಿಲ್ಲ, ನಿಜ. ಆದರೆ ಗುರುವಾರ ಪುಸ್ತಕ ಏರಿಸಲು ಮೂವರು ಸದಸ್ಯರು ಮೂರು ಕಂಪ್ಯೂಟರ್ ಮುಂದೆ ಕೂತರೆ, ಮೊದಲನೆಯವರು 'ಹೊಸ ಪುಸ್ತಕ' ಎಂದು ಒತ್ತಿ ಚಹಾಕ್ಕೆ ಎದ್ದು ಹೋದರು. ಉಳಿದಿಬ್ಬರ ಪರದೆ ಕಲ್ಲಾಯಿತು. ಚಹಾ, ಉಸ್ಮಾನಿಯಾ ಬಿಸ್ಕತ್ತು, ಮೆಟ್ರೋ ಬಗ್ಗೆ ಹರಟೆ: ಮುಕ್ಕಾಲು ಗಂಟೆ.

"ಕಾಕಾ, ಹಿಂಗಾದ್ರ ಇದು ಮುಗಿಯೂದ್ರಾಗ ನನ್ನ ತಲಿ ಹಣ್ಣಾಗ್ತೈತಿ."

"ಆಗ್ಲಿ. ಸಾಲು ಹಚ್ಚಿ ನಿಂತ್ರ ಯಾವುದೂ ತಪ್ಪೂದಿಲ್ಲ. ಭಾಳ ಛಲೋ ಆತು."

ತಪಾಸಣೆಯ ದಿನ ಅಧ್ಯಕ್ಷರ ಬೆರಳು ಪಟ್ಟಿಯ ಮೇಲೆ ಜಾರುತ್ತ ಬಂದು ಆ ಖಾಲಿ ಜಾಗದಲ್ಲೇ ನಿಂತಿತು. ಶಾಂತವ್ವ ಪೊರಕೆ ಹಿಡಿದು ಗೋಡೆಗೆ ಒತ್ತಿ ನಿಂತಳು. ಕಾಕಾ ತಮ್ಮ ರಿಜಿಸ್ಟರ್ ತೆರೆದು ಮುಂದಿಟ್ಟರು. "೧೧೮: ಈ ಪುಸ್ತಕ ಇಲ್ಲ, ಎಂದೂ ಇರಲಿಲ್ಲ. ನನ್ನ ಅಣ್ಣನ ಮಗಳ ಕಂಪ್ಯೂಟರಿನ ತಪ್ಪು. ಕೀಲಿ ಇಟ್ಟುಕೊಂಡವರಿಗೆ ಸಂಬಂಧವಿಲ್ಲ. ಜವಾಬ್ದಾರಿ ನನ್ನದು." ಕೆಳಗೆ ಸಹಿ. ತಾರೀಖು ಕರೆಂಟ್ ಹೋದ ಭಾನುವಾರದ್ದೇ.

ಅಧ್ಯಕ್ಷರು ಓದಿ, ಪುಸ್ತಕಗಳನ್ನು ಎಣಿಸಿ ನೋಡಿ, ತಾವೂ ಸಹಿ ಹಾಕಿದರು. ನನಗೆ ಉರಿದುಹೋಯಿತು. "ಅವತ್ತ ಬರೆದಿಟ್ಟಿದ್ರಿ, ಮತ್ತ ವಾರಪೂರ್ತಿ ನನ್ನ ಯಾಕ ದುಡಿಸಿದ್ರಿ?"

"ಇಂಥಾದ್ದು ಇನ್ನೊಂದು ಬರೆಯೂ ಪಾಳಿ ಬರಬಾರದಂತ."

ಮರುವಾರ ಶಾಂತವ್ವ ಕಪಾಟಿನಿಂದ ಒಂದು ಕತೆ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಅಲ್ಲಿಯ ತನಕ ದೂಳು ಒರೆಸಲು ಬಿಟ್ಟರೆ ಆಕೆ ಯಾವ ಪುಸ್ತಕವನ್ನೂ ಮುಟ್ಟಿದವಳಲ್ಲ. "ಇದನ್ನ ಓದಾಕ ಒಯ್ತೀನಿ, ನನ್ನ ಹೆಸರಿಗೆ ಬರಕೋರಿ, ಸಾಹೇಬ್ರ," ಅಂದಳು. ಕಾಕಾ ಬರೆದುಕೊಂಡರು.