ಉಸಿರು ಎಣಿಸುವ ಯಂತ್ರ

ಸಂಜೆಯೊಳಗೆ ಉಪಯೋಗದ್ದೇನಾದರೂ ತೋರಿಸದಿದ್ದರೆ ತರಂಗರಾಯರ ಪ್ರಯೋಗಾಲಯ ಮುರುಕು ಕುರ್ಚಿಗಳ ಗೋದಾಮಾಗುತ್ತದೆಂದು ನಿರ್ದೇಶಕರು ಬೆಳಿಗ್ಗೆಯೇ ಹೇಳಿಬಿಟ್ಟರು. ಇಪ್ಪತ್ತು ವರ್ಷ ರೇಡಾರುಗಳಿಗೆ ಮೈಕ್ರೋವೇವ್ ಉಪಕರಣ ಕಟ್ಟಿ, ಆಮೇಲೆ ಹತ್ತು ವರ್ಷ ಕ್ವಾಂಟಂ ಹರಳುಗಳನ್ನು ಬಾಣಂತಿಯಂತೆ ಜೋಪಾನ ಮಾಡಿದ್ದ ಭೌತವಿಜ್ಞಾನಿಗೆ ಸಹೋದ್ಯೋಗಿಗಳಿಟ್ಟ ಹೆಸರು ‘ತರಂಗರಾಯ’.

ಪುಣ್ಯಕ್ಕೆ ಯಂತ್ರವೊಂದು ಸಿದ್ಧವಿತ್ತು. ಕೋಣೆಯಲ್ಲಿ ಯಾರದೇ ಎದೆ ಏರಿಳಿದರೂ ಮೈಕ್ರೋವೇವ್ ಅಲೆ ಕೂದಲೆಳೆಯಷ್ಟು ಕದಲುತ್ತದೆ. ಕಡುಶೀತದಲ್ಲಿಟ್ಟ ಹರಳು ಅದನ್ನು ಹಿಡಿದು, ಎಷ್ಟು ಜನ ಉಸಿರಾಡುತ್ತಿದ್ದಾರೆಂದು ಒಳಗಿನ ಮತ್ತು ಹೊರಗಿನ ಪರದೆಗಳಲ್ಲಿ ತೋರಿಸುತ್ತದೆ. ರಾಯರೊಬ್ಬರೇ ಇದ್ದಾಗ ‘ಒಂದು’ ಎಂದಿತು. ಗುಡಿಸುವಾಕೆ ಬಂದಾಗ ‘ಎರಡು’. ರಾಯರು ಕುಣಿಯುವುದೊಂದು ಬಾಕಿ.

ಬೀಗ ಹಾಕಿ ಚಹಾ ಕುಡಿದು ಬಂದರೆ ಹೊರಗಿನ ಪರದೆಯಲ್ಲಿ ‘ಒಂದು’.

“ಒಳಗ್ಯಾರಿದ್ದಾರೆ ಸಾರ್?” ಉಗ್ರಾಣದವನು ಇಣುಕಿದ.

“ಯಾರೂ ಇಲ್ಲಪ್ಪ.”

“ಮತ್ತೆ ಉಸಿರಾಡ್ತಿರೋದು ಯಾರು?”

ಅರೆಗಳಿಗೆಯಲ್ಲಿ ಕಚೇರಿಯೇ ಬಾಗಿಲಲ್ಲಿ ನೆರೆಯಿತು. ಮೇಜಿನಡಿ, ಬೀರುವಿನೊಳಗೆ, ಸಿಲಿಂಡರುಗಳ ಹಿಂದೆ ಎಲ್ಲ ಹುಡುಕಿದರು. ಉಗ್ರಾಣದವನು ಮೂರು ವರ್ಷದ ಹಿಂದೆ ಕಳೆದುಕೊಂಡಿದ್ದ ಕೊಡೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಎಲ್ಲರೂ ಹೊರಬಂದು ಬಾಗಿಲೆಳೆದ ಮೇಲೂ ಪರದೆ ‘ಒಂದು’ ಎಂದೇ ಮಿನುಗುತ್ತಿತ್ತು. ಯಾರೋ ಕತ್ತಿನ ಹಿಂದೆ ಮೆಲ್ಲಗೆ ಊದಿದಂತಾಗಿ ನಿರ್ದೇಶಕರು ಕಾಲರು ಏರಿಸಿಕೊಂಡರು.

“ಕೆಟ್ಟಿದೆ ಕಣ್ರೀ ನಿಮ್ಮ ಯಂತ್ರ!”

“ಕೆಟ್ಟಿಲ್ಲ ಸಾರ್. ಒಂದು ಹೆಚ್ಚಿಗೆ ತೋರಿಸ್ತಿದೆ ಅಷ್ಟೇ. ಬೇಕಾದ್ರೆ ಒಬ್ಬೊಬ್ಬರೇ ಒಳಗೆ ಹೋಗಿ ನೋಡಿ.”

ಉಗ್ರಾಣದವನು ಕೊಡೆ ಹಿಡಿದೇ ಹೋದ. ‘ಎರಡು’. ನಿರ್ದೇಶಕರು ಹೋದರು. ‘ಎರಡು’. ಗುಡಿಸುವಾಕೆ ಹೋದಳು. ‘ಎರಡು’.

“ನೋಡಿದ್ರಾ! ಒಂದು ಕಳೆದ್ರೆ ಲೆಕ್ಕ ಸರಿಹೋಯ್ತು!” ರಾಯರ ಮುಖ ಊರಗಲವಾಯಿತು. ಪ್ರಯೋಗಾಲಯ ಉಳಿಸುವ ಕಾಗದಕ್ಕೆ ಸಹಿ ಹಾಕಲು ನಿರ್ದೇಶಕರು ಪೆನ್ನನ್ನೂ ತೆಗೆದರು.

“ನೀವೂ ಒಂದ್ಸಲ ಹೋಗ್ಬನ್ನಿ ಸಾರ್,” ಎಂದಳು ಗುಡಿಸುವಾಕೆ.

ರಾಯರು ನಗುತ್ತಲೇ ಹೋಗಿ ಬಾಗಿಲು ಹಾಕಿಕೊಂಡರು. ಹೊರಗಿನ ಪರದೆಯಲ್ಲಿ ‘ಒಂದು’. ಎಷ್ಟು ಕಾದರೂ ‘ಒಂದೇ’.

“ಒಂದರಲ್ಲಿ ಒಂದು ಕಳೆದ್ರೆ...” ಬೆರಳು ಮಡಿಸುತ್ತಿದ್ದ ಉಗ್ರಾಣದವನು ಬಾಯಿ ಮುಚ್ಚಿಕೊಂಡ.

ಒಳಗಿನ ಪರದೆಯಲ್ಲೂ ‘ಒಂದು’ ಕಂಡ ರಾಯರು ಹೊರಬಂದು ಇಲ್ಲಿನದನ್ನೂ ನೋಡಿದರು. ಅವರ ನಗು ಅರ್ಧಕ್ಕೇ ನಿಂತಿತು. ನಿರ್ದೇಶಕರು ಎರಡು ಹೆಜ್ಜೆ ಹಿಂದೆ ಸರಿದು ಗಂಟಲು ಸರಿಮಾಡಿಕೊಂಡರು.

“ಯಂತ್ರ ಚೆನ್ನಾಗೇ ಇದೆ. ಪ್ರಯೋಗಾಲಯ ಮುಚ್ಚಲ್ಲ. ಆದ್ರೆ... ಬದುಕಿರೋ ಯಾರ ಹೆಸರಿಗಾದ್ರೂ ಅದನ್ನ ಮಾಡ್ಬೇಕಾಗುತ್ತೆ.”

ರಾಯರು ಬೆರಳನ್ನು ಮೂಗಿನ ಕೆಳಗಿಟ್ಟುಕೊಂಡರು. ತಣ್ಣನೆ ಗಾಳಿ ಸೋಕಿತು. ತಲೆಯೆತ್ತಿದರೆ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು.

“ಆರಿಸ್ಲಾ ಸಾರ್?” ಗುಡಿಸುವಾಕೆ ಅಯ್ಯೋ ಪಾಪವೆಂದು ಸ್ವಿಚ್ಚಿಗೆ ಕೈಚಾಚಿದಳು.

“ಬೇಡಮ್ಮ, ಬೇಡ,” ಎಂದರು ರಾಯರು ಗಾಬರಿಯಿಂದ. “ತಿರುಗ್ತಾನೇ ಇರ್ಲಿ.”