ಮಕ್ಕಳ ಸಭೆಯಲ್ಲಿ ಚಪ್ಪಾಳೆ ತಟ್ಟಿದವನಿಂದ ಮೇಯರ್ ಅವರಿಗೆ

ನಮಿಗುಚಿ ಪಟ್ಟಣದ ಮೇಯರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕಡಲ ಗಾಳಿ ತಮ್ಮ ಕುರ್ಚಿಯನ್ನು ಅಲುಗಿಸದಿರಲಿ ಎಂಬ ಹಾರೈಕೆಯೊಂದಿಗೆ ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ಶುಕ್ರವಾರ ಪಟ್ಟಣದ ಸಭಾಂಗಣದಲ್ಲಿ, ವೀಕ್ಷಕರು ಸದ್ದು ಮಾಡಬಾರದೆಂಬ ಫಲಕವನ್ನು ಕಣ್ಣಾರೆ ಓದಿದ ಮೇಲೂ, ನಾನು ಚಪ್ಪಾಳೆ ತಟ್ಟಿದೆ. ಎರಡೂ ಕೈಗಳು ಈ ಕೃತ್ಯದಲ್ಲಿ ಸಮಪಾಲುದಾರರು.

ದೇಶವನ್ನು ಮಕ್ಕಳಿಗೆ ಪರಿಚಯಿಸಲೆಂದು ತಮ್ಮ ಕಚೇರಿ ಹಂಚಿದ ಬಣ್ಣದ ಪುಸ್ತಿಕೆಯನ್ನು ನಾಲ್ಕನೇ ತರಗತಿಯ ನನ್ನ ಮಗಳು ಚಿಜುರು ಬಾಯಿಪಾಠ ಮಾಡಿದ್ದಾಳೆ. ಜನಜೀವನದ ಅಧ್ಯಾಯದಲ್ಲಿ ಎಲ್ಲರೂ ನಗುತ್ತಿದ್ದಾರೆ. ಆರ್ಥಿಕತೆಯ ಅಧ್ಯಾಯದಲ್ಲಿ ಬಾಣಗಳೆಲ್ಲ ಮೇಲಕ್ಕೇ ಹೋಗುತ್ತವೆ, ನನ್ನ ಒಣಮೀನಿನ ಅಂಗಡಿಯನ್ನು ಹೇಗೋ ತಪ್ಪಿಸಿಕೊಂಡು. ನಮ್ಮಲ್ಲಿ ಎಣ್ಣೆಯಿಲ್ಲ, ಕಬ್ಬಿಣವಿಲ್ಲ, ಮಕ್ಕಳೇ ನಮ್ಮ ನೈಸರ್ಗಿಕ ಸಂಪತ್ತು ಎನ್ನುತ್ತದೆ ಕೊನೆಯ ಪುಟ. ಬರುವ ವಸಂತಕ್ಕೆ ಊರಿನ ಶಾಲೆ ಮುಚ್ಚಿ ಈ ಸಂಪತ್ತನ್ನು ಬಸ್ಸಿನಲ್ಲಿ ತುಂಬಿ ಬೆಟ್ಟದಾಚೆಗೆ ಸಾಗಿಸಲು ತಾವು ಹೊರಟಿರುವುದರಿಂದ, ಅದಿರು ಮುಗಿಯುವ ಮುನ್ನವೇ ಗಣಿ ಮುಚ್ಚಿದ ಕೀರ್ತಿ ತಮ್ಮೊಬ್ಬರಿಗೇ ಸಲ್ಲುತ್ತದೆ.

ಸರ್ಕಾರದ ಬಗ್ಗೆ ಮಕ್ಕಳು ಓದಿದರೆ ಸಾಲದು, ಆಡಿ ಕಲಿಯಲಿ ಎಂದು, ಮಕ್ಕಳೇ ಸದಸ್ಯರಾಗಿ ಅಧಿಕಾರಿಗಳನ್ನು ಪ್ರಶ್ನಿಸುವ ಮಕ್ಕಳ ಸಭೆಯನ್ನೂ ತಾವು ಕರೆದಿರಿ. ಅವರ ಪ್ರಶ್ನೆಗಳನ್ನು ಮೊದಲೇ ತರಿಸಿಕೊಂಡು, ತಿದ್ದಿ ತೀಡಿ, ಉತ್ತರವನ್ನೂ ಬರೆದಿಟ್ಟುಕೊಂಡಿರಿ. ಪ್ರಶ್ನೆಪತ್ರಿಕೆ ಬಯಲಾದರೆ ಬೇರೆಡೆ ಹಗರಣ, ತಮ್ಮಲ್ಲಿ ಆಡಳಿತ. ನಮ್ಮ ಶಾಲೆ ಉಳಿಯುವುದೇ ಎಂದು ಚಿಜುರು ಓದಿದಳು. ಸಕಾರಾತ್ಮಕವಾಗಿ ಪರಿಶೀಲಿಸಲಾಗುವುದು ಎಂದು ತಮ್ಮ ಶಿಕ್ಷಣಾಧಿಕಾರಿಗಳು ಓದಿದರು. ಅವಳು ತಲೆಬಾಗಿ ವಂದಿಸಿ ಕೂರಬೇಕಿತ್ತು. ವಂದಿಸಿದಳು, ಕೂರಲಿಲ್ಲ.

“ಸಾರ್, ಪರಿಶೀಲಿಸ್ತೀವಿ ಅಂದ್ರೆ ಮುಚ್ತೀರಾ, ಮುಚ್ಚಲ್ವಾ?”

ಅಧಿಕಾರಿಗಳು ಹಾಳೆ ತಿರುವಿದರು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು, ನೀರು ಕುಡಿದರು.

“ಈ ಪ್ರಶ್ನೆ ನೀನು ಕೊಟ್ಟಿರೋ ಹಾಳೇಲಿ ಇಲ್ವಲ್ಲಮ್ಮ.”

“ಉತ್ತರ ನಿಮ್ಮ ಹಾಳೇಲೂ ಇರ್ಲಿಲ್ಲ ಸಾರ್, ಅದಕ್ಕೇ ಕೇಳ್ದೆ.”

ನನ್ನ ಕೈಗಳು ಅಪರಾಧಕ್ಕಿಳಿದದ್ದು ಆಗಲೇ.

ಇನ್ನು ವಿನಂತಿ. ಶಾಲೆ ಮುಚ್ಚಲೇಬೇಕೆಂದಿದ್ದರೆ ಆ ಬೆಟ್ಟವನ್ನು ಕೊಂಚ ಪಕ್ಕಕ್ಕೆ ಸರಿಸಿಕೊಡಬೇಕು, ಮತ್ತು ಚಳಿಗಾಲದಲ್ಲಿ ಹಿಮವು ಶಾಲಾ ಬಸ್ಸು ದಾಟಿಹೋದ ಮೇಲಷ್ಟೇ ಬೀಳತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದಲ್ಲಿ, ಮಗಳಿಗೆ ಪ್ರಜಾಪ್ರಭುತ್ವವನ್ನು ಹಾಲಿನಲ್ಲಿ ಕಲಸಿ ಕುಡಿಸಿ ಬೆಳೆಸಿದ, ಒಂದು ಚುನಾವಣೆಯನ್ನೂ ಲಘುವಾಗಿ ತೆಗೆದುಕೊಳ್ಳದ ನನ್ನಂಥ ಜಾಗೃತ ಮತದಾರನು ಬರುವ ತಿಂಗಳು ತಮ್ಮನ್ನೂ ಸಕಾರಾತ್ಮಕವಾಗಿ ಪರಿಶೀಲಿಸಲಿದ್ದಾನೆ.

ಮತ ಎಣಿಕೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಇವಾಬುಚಿ ತೊಮೊಹಿಸಾ
ಒಣಮೀನಿನ ವ್ಯಾಪಾರಿ

ಮರೆತಿದ್ದ ಮಾತು: ಮತಗಟ್ಟೆ ಎಲ್ಲಿದೆಯೆಂದು ತಮ್ಮ ಕಚೇರಿಯನ್ನೇ ಕೇಳಬೇಕಿತ್ತು, ಊಟಕ್ಕೆ ಕೂತಾಗ ಮಗಳನ್ನು ಕೇಳಿ ಕೆಟ್ಟೆ. “ನಮ್ಮ ಶಾಲೇಲೇ ಅಲ್ವಾ ಅಪ್ಪಾ? ಮತ್ತೆ ಪ್ರತಿಸಲ ವೋಟ್ ಹಾಕಿ ಬರ್ತೀನಿ ಅಂತ ನೀನು ಹೋಗ್ತಿದ್ದಿದ್ದು ಎಲ್ಲಿಗೆ?” ಎಂದಳು. ತಾವು ಗೆಲ್ಲುತ್ತ ಬಂದ ಆ ಮತದಾನದ ಭಾನುವಾರಗಳಲ್ಲೆಲ್ಲ ನಾನು ಗಾಳ ಹಿಡಿದು ಬಂದರಿನ ಕಟ್ಟೆಯ ಮೇಲೆ ಕೂತಿದ್ದೆ. ತಮ್ಮ ಗೆಲುವಿನಲ್ಲಿ ನನ್ನ ಪಾಲು ಅಷ್ಟು. ಒಂದು ಮೀನೂ ಸಿಕ್ಕಿರಲಿಲ್ಲ.