ಅಂಡಿಗಿಯೊಳಗಿನ ಹುಳ

ಗಂಡ ಹನಮಪ್ಪನ ದಿನಕರ್ಮದ ಊಟ ಮುಗಿದು ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ಕಳಕವ್ವ ಎಂದಿನಂತೆ ಅಂಗಳ ಗುಡಿಸುತ್ತಿದ್ದಳು. ಸತ್ತ ಗಂಡನ ಅಣ್ಣ ಯಂಕಪ್ಪ ಬಂದು ನಿಂತ.

"ನಿನ್ನ ನವಣಿ ಹುಲ್ಲಿನ ಬಣವಿ ನನ್ನ ಕಣದಾಗ ಐತಿ. ಸಂಜೀಕ ಖಾಲಿ ಆಗಬೇಕು. ಇಲ್ಲಂದ್ರ ನಿನ್ನ ಎತ್ತು ನಮ್ಮ ಗ್ವಾದಲಿಗೆ ಕಟ್ಟು. ಮೊನ್ನೆ ಕನ್ನಡ ರಾಜ್ಯಾನ ಒಂದಾತು, ಎರಡು ಮನಿ ಎತ್ತು ಒಂದಾದ್ರ ಏನಾತವಾ?"

"ಆಗಲಿ ಬಿಡ್ರಿ ಭಾವಾರ. ನಿಮ್ಮ ಎತ್ತ ನಮ್ಮ ಗ್ವಾದಲಿಗೆ ಬರಲಿ."

ಹಾಗೆಂದಳೇ ಹೊರತು, ಅಷ್ಟು ಬಿಡಿ ಹುಲ್ಲು ಅವಳ ಮನೆಯಲ್ಲಿ ಹಿಡಿಯುವಂತಿರಲಿಲ್ಲ. ಗದಗಿನ ಹತ್ತಿ ಜಿನ್ನಿನಲ್ಲಿ ದುಡಿದಿದ್ದ ಶೇಖಸಾಬನ ಬಳಿ ಒಂದು ಕಟ್ಟಿಗೆಯ ಪೆಟ್ಟಿಗೆಯಿತ್ತು. ಅದರಲ್ಲಿ ಹುಲ್ಲು ತುಂಬಿ, ತುಳಿದು, ಹಗ್ಗ ಬಿಗಿದರೆ ಹತ್ತಿಯ ಹಾಗೆಯೇ ಅಂಡಿಗಿ. ಅಂಡಿಗಿಯಾದರೆ ಅಟ್ಟದಲ್ಲಿ ಹಿಡಿಯುತ್ತದೆ, ಎತ್ತುಗಳೂ ಅವಳ ಕೈಯಲ್ಲೇ ಉಳಿಯುತ್ತವೆ.

ಶೇಖಸಾಬ ಕಣಕ್ಕೆ ಬಂದು ಪೆಟ್ಟಿಗೆಯಲ್ಲಿ ಹುಲ್ಲು ತುಳಿದ, ಯಂಕಪ್ಪ ಪಕ್ಕದಲ್ಲೇ ಕಾವಲು ನಿಂತ; ಮಧ್ಯಾಹ್ನದ ಹೊತ್ತಿಗೆ ಅರ್ಧ ಬಣವಿ ಅಟ್ಟ ಸೇರಿತ್ತು. ಆಗಷ್ಟೇ ಬಿಗಿದ ಅಂಡಿಗಿಯೊಂದರಿಂದ ಚರಚರ ಸದ್ದು ಬಂತು.

"ಏನೋ ಹುಳ ಇರಬೇಕು," ಎಂದಳು ಕಳಕವ್ವ.

ಅವಳ ಮನಸ್ಸಿನಲ್ಲಿದ್ದದ್ದು ಜೀರಂಗಿ. ಆದರೆ ಹೆಸರೆತ್ತಿದರೆ ಬಂದೇ ಬಿಡುತ್ತದೆಂದು ಹರ್ತಿ ಊರಿನವರು ಹಾವಿಗೂ ಹುಳ ಅನ್ನುತ್ತಿದ್ದರು. ಶೇಖಸಾಬ ಪೆಟ್ಟಿಗೆಯಿಂದ ಜಿಗಿದ. ಯಂಕಪ್ಪ ಮಿಡತೆಯಂತೆ ಹಾರಿ ಚಕ್ಕಡಿಯ ಮೇಲೆ ನಿಂತ. ಅಂಡಿಗಿ ಹೊರಳಿತು.

ನೆರೆಮನೆಯ ಫಕ್ಕೀರವ್ವ ಕೈಮುಗಿದಳು. "ಅಯ್ಯ, ಹನಮಪ್ಪನ ಬಂದಾನವಾ! ಮೇವಿನ ಮ್ಯಾಲೆ ಜೀವಾ ಇಟ್ಟಿದ್ದ."

"ಇದ್ದಾಗ ಕರದ್ರ ಕಣಕ್ಕ ಬರದಾಂವ ಈಗ ಬರತಾನನು?" ಎಂದಳು ಹನಮಪ್ಪನ ಹೆಂಡತಿ.

"ಬಣವಿ ಯಾರೂ ಮುಟ್ಟಬ್ಯಾಡ್ರಿ!" ಯಂಕಪ್ಪ ಮೇಲಿಂದಲೇ ಕೂಗಿದ. "ಹಾಲೆರಿಯೂತನಕ ಕೆಲಸ ಬಂದ್. ಎತ್ತು ನಾ ಹೊಡಕೊಂಡು ಹೋಗತೀನಿ."

"ಅದಕ್ಕ ಮೊದಲ ಕೆಳಗ ಇಳೀಬೇಕಲ್ರಿ," ಎಂದ ಶೇಖಸಾಬ.

ಕಳಕವ್ವ ಕುಡಗೋಲು ತಂದು ಹಗ್ಗ ಕೊಯ್ದಳು. ಹುಲ್ಲು ಸಡಿಲಾದದ್ದೇ ತಡ, ಬೂದು ಬಣ್ಣದ ಮುಂಗುಸಿಯೊಂದು ಹೊರಗೆ ಚಿಮ್ಮಿ, ಚಕ್ಕಡಿ ಹತ್ತಿ, ಯಂಕಪ್ಪನ ರುಮಾಲಿನೊಳಗೆ ಮೂತಿ ಹುದುಗಿಸಿತು. ಅದರ ಕೊರಳಲ್ಲಿ ಕವಡೆಯ ದಾರ.

"ತಗೀರಲೇ! ಜಲ್ದಿ ತಗೀರಲೇ!"

"ಇರಲಿ ಬಿಡ್ರಿ, ತಮ್ಮ ಅಣ್ಣನ್ನ ಅಪ್ಪಿಕೊಂಡಾನ!" ಎಂದ ಶೇಖಸಾಬ.

ಗಂಡ ಸತ್ತ ಮೇಲೆ ಮೊದಲ ಸಲ ಕಳಕವ್ವ ನಕ್ಕಳು. ಫಕ್ಕೀರವ್ವ ಅವಳ ಮುಖವನ್ನೊಮ್ಮೆ ನೋಡಿ, ತಾನೂ ನಕ್ಕಳು.

"ಇದು ನಮ್ಮ ಓಣಿ ಬಾನುಬಿ ಸಾಕಿದ್ದವಾ," ಎಂದ ಶೇಖಸಾಬ. "ಜ್ವರ ಬರೋ ಹಿಂದಿನ ದಿನ ನಿನ್ನ ಗಂಡ ಕೇಳಿ ಒಯ್ದಿದ್ದ."

ಸಂಜೆಯೊಳಗೆ ಕಣ ಬರಿದಾಯಿತು. ಕೊನೆಯ ಅಂಡಿಗಿಯೂ ಕಳಕವ್ವನ ಹಾಸಿಗೆಯ ನೇರ ಮೇಲಿದ್ದ ಅಟ್ಟ ಸೇರಿತು. ಎತ್ತುಗಳು ಅವಳ ಗೋದಲಿಯಲ್ಲೇ ಮೆಲುಕು ಹಾಕುತ್ತಿದ್ದವು. ಎದೆ ಹಗುರಾಗಿ, ಮುಂಗುಸಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಬಾನುಬಿಯ ಮನೆಗೆ ನಡೆದಳು.

"ನಮ್ಮ ಮನಿಯವರು ಒಯ್ದಿದ್ರಂತ. ತಗೋರಿ."

ಬಾನುಬಿ ಮುಂಗುಸಿಯನ್ನು ಮಡಿಲಿಗೆ ಹಾಕಿಕೊಂಡು ಬೆನ್ನು ಸವರಿದಳು. "ಪಾಪ, ಭಾಳ ಛಲೋ ಇದ್ದ ನಿನ್ನ ಗಂಡ. ಅಲ್ಲವಾ, ಹುಳ ಹಿಡೀತೇನು?"

"ಯಾವ ಹುಳಾರಿ?"

"ಬಣವ್ಯಾಗ ಮಾರುದ್ದ ಹುಳ ಹೊಕ್ಕೈತಿ ಅಂತನ ಅಲ್ಲೇನು ಅಂವ ಇದನ್ನ ಒಯ್ದಿದ್ದು?"

ಕಳಕವ್ವ ಮತ್ತೆ ಕೈ ಚಾಚಿದಳು. ಮುಂಗುಸಿ ಆಗಲೇ ನಿದ್ದೆ ಹೋಗಿತ್ತು.